ನೂರಿಪ್ಪತ್ತಮೂರು ಪಾಮೇರಿಯನ್‌ಗಳು ಮತ್ತು ಒಂದು ಹಿಮಬಂಡಿ

ಪಾಮೇರಿಯನ್ ನಾಯಿಯ ವಂಶವೃಕ್ಷ ಹಿಡಿದು ಮೇಲಕ್ಕೆ ಹತ್ತಿದರೆ ಹಿಮದಲ್ಲಿ ಬಂಡಿ ಎಳೆಯುತ್ತಿದ್ದ ಉತ್ತರದ ಸ್ಪಿಟ್ಜ್ ನಾಯಿಗಳು ಸಿಗುತ್ತವೆ ಎಂದು ಅದರ ಅಭಿಮಾನಿಗಳು ಎದೆಯುಬ್ಬಿಸಿ ಹೇಳುತ್ತಾರೆ. ಇರಲಿ. ಮುತ್ತಜ್ಜ ಕುದುರೆ ಏರಿ ಊರೂರು ತಿರುಗುತ್ತಿದ್ದರು ಎನ್ನುವವರು ನಮ್ಮಲ್ಲೂ ಇದ್ದಾರೆ. ಸ್ಕೂಟರಿನ ಹಿಂದೆ ಕೂರಿಸಿಕೊಂಡರೆ ಹೆದರಿ ನಮ್ಮ ಸೊಂಟ ಹಿಡಿದುಕೊಳ್ಳುತ್ತಾರೆ. 1888ರಲ್ಲಿ ವಿಕ್ಟೋರಿಯಾ ರಾಣಿ ಇಟಲಿಗೆ ಹೋದವಳು ಫ್ಲಾರೆನ್ಸ್‌ನಿಂದ ಮಾರ್ಕೊ ಎಂಬ ಸಣ್ಣ ಪಾಮೇರಿಯನ್ ತಂದಳು. ರಾಣಿಗೆ ಇಷ್ಟವಾದದ್ದು ಊರಿಗೆಲ್ಲ ಇಷ್ಟವಾಗಬೇಕಲ್ಲ? ತಳಿ ಕುಗ್ಗುತ್ತ ಕುಗ್ಗುತ್ತ ಎರಡು ಮೂರು ಕಿಲೋಗೆ ಬಂದು ನಿಂತಿತು. (ನಮ್ಮ ಕಡೆ ಪಾಮೇರಿಯನ್ ಎಂದು ಕರೆಸಿಕೊಂಡು ಗೇಟಿನ ಹಿಂದೆ ಬೊಗಳುವುದು ಹೆಚ್ಚಾಗಿ ಇಂಡಿಯನ್ ಸ್ಪಿಟ್ಜ್. ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.)

ಇಂಥ ಪುಟ್ಟ ನಾಯಿಗಳು ಈಗಲೂ ಹಿಮಬಂಡಿ ಎಳೆದಾವೇ? ಲೆಕ್ಕಕ್ಕೇ ಬರೋಣ. ಅಲಾಸ್ಕಾದಲ್ಲಿ 1973ರಿಂದ ಇಡಿಟರಾಡ್ ಎಂಬ ನಾಯಿಬಂಡಿ ಓಟ ನಡೆಯುತ್ತಿದೆ. ಆಂಕರೇಜ್‌ನಿಂದ ನೋಮ್‌ವರೆಗೆ ಸುಮಾರು 1,600 ಕಿಲೋಮೀಟರ್. ತಂಡಕ್ಕೆ ಹದಿನಾಲ್ಕು ನಾಯಿ, ಒಂದೊಂದೂ 22 ಕಿಲೋ ಎಂದಿಟ್ಟುಕೊಳ್ಳಿ. ಒಟ್ಟು 308 ಕಿಲೋ ನಾಯಿ. ಅಷ್ಟೇ ತೂಕವನ್ನು ಎರಡೂವರೆ ಕಿಲೋದ ಪಾಮೇರಿಯನ್‌ಗಳಲ್ಲಿ ಹೊಂದಿಸಬೇಕಾದರೆ 123 ಬೇಕು. ಹಿಮದ ಹರಳು ಪಾದ ಸೀಳದಿರಲಿ ಎಂದು ಬಂಡಿನಾಯಿಗಳಿಗೆ ಬಟ್ಟೆಯ ಬೂಟು ತೊಡಿಸುತ್ತಾರೆ; ಇಲ್ಲಿ 492 ಬೂಟು. ಕೊನೆಯ ನಾಯಿಗೆ ತೊಡಿಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಮೊದಲನೆಯದು ತನ್ನದನ್ನು ಕಿತ್ತು ಅಗಿದು ಮುಗಿಸಿರುತ್ತದೆ. ಹಗ್ಗ ಸಿಕ್ಕಾಗುವ ಚೆಂದವನ್ನು ನಾನು ವರ್ಣಿಸುವುದಿಲ್ಲ.

ತಮಾಷೆ ಸಾಕು. ಪುಟ್ಟ ನಾಯಿಗೆ ಭಾರಕ್ಕಿಂತ ಮೊದಲು ಎದುರಾಗುವುದು ಚಳಿ. ದೇಹ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಮೈಯ ಕಾವು ಬೇಗ ಸೋರಿಹೋಗುತ್ತದೆ. ಹಸ್ಕಿಯ ಮೊಣಕಾಲಿಗೆ ಬರುವ ಹಿಮ ಪಾಮೇರಿಯನ್‌ಗೆ ಕುತ್ತಿಗೆಮಟ್ಟ. ಬೇರೆ ಪುಟ್ಟ ತಳಿಗಳ ಪಾಡೂ ಅಷ್ಟೇ: ಪಗ್, ಫ್ರೆಂಚ್ ಬುಲ್‌ಡಾಗ್‌ಗಳ ಮೂಗನ್ನು ನಾವೇ ಒಳಕ್ಕೆ ತಳ್ಳಿಟ್ಟಿದ್ದೇವೆ. ಮಹಡಿ ಹತ್ತಿದರೇ ಏದುಸಿರು. ಡ್ಯಾಶ್‌ಹುಂಡ್‌ನ ಉದ್ದ ಬೆನ್ನಿನ ಡಿಸ್ಕ್ ಯಾವಾಗ ಕೈಕೊಡುತ್ತದೋ ಹೇಳಲಾಗದು.

ಹಾಗಾದರೆ ನಾಯಿ ದೊಡ್ಡದಾಗಿದ್ದರೆ ಸಾಕೆ? ಅದೂ ಸಾಲದು. ಜಾನ್ ಸೂಟರ್ ಎಂಬಾತ 1988ರಿಂದ ನಾಲ್ಕು ಸಲ ಪೂಡಲ್‌ಗಳನ್ನು ಕಟ್ಟಿಕೊಂಡು ಇಡಿಟರಾಡ್ ಓಡಿಸಿದ. ಮಡಿಲಲ್ಲಿ ಕೂರುವ ಪೂಡಲ್ ಅಲ್ಲ, ಎತ್ತರದ ಸ್ಟ್ಯಾಂಡರ್ಡ್ ಪೂಡಲ್. ಓಡಲು ಅವಕ್ಕೆ ಹುರುಪಿತ್ತು, ಆದರೆ ಕೂದಲು ಮೋಸ ಮಾಡಿತು. ಹಸ್ಕಿಗೆ ಮೇಲೊಂದು ಒರಟು ಕೂದಲು, ಒಳಗೊಂದು ಒತ್ತು ತುಪ್ಪಳ, ಹಿಮ ಒಳಗಿಳಿಯುವುದಿಲ್ಲ. ಪೂಡಲ್‌ನ ಗುಂಗುರು ಹಿಮವನ್ನು ಬಾಚಿ ಬಾಚಿ ಉಂಡೆ ಕಟ್ಟುತ್ತದೆ. ಪಾದ ಹೆಪ್ಪುಗಟ್ಟಿದ, ಕೂದಲು ಗಂಟುಗಟ್ಟಿದ ಕೆಲವನ್ನು ದಾರಿಯ ಠಾಣೆಗಳಲ್ಲೇ ಬಿಡಬೇಕಾಯಿತು. ಕೊನೆಗೆ ಉತ್ತರದ ಚಳಿಗೆ ಒಗ್ಗಿದ ತಳಿಗಳಿಗಷ್ಟೇ ಪ್ರವೇಶ ಎಂದು ಸಂಘಟಕರು ನಿಯಮ ಮಾಡಿದರು. ಒಳ್ಳೆಯದೇ ಆಯಿತು. ಯಜಮಾನನ ಹಟಕ್ಕೆ ನಾಯಿ ನಡುಗಬಾರದು.

ಗಾತ್ರ ನೋಡಿ ನಕ್ಕವರು ಪೆಟ್ಟು ತಿಂದ ಕಥೆಗಳೂ ಇವೆ. 1909ರಲ್ಲಿ ಸೈಬೀರಿಯದಿಂದ ನೋಮ್‌ನ ಓಟಕ್ಕೆ ಬಂದ ಸಣ್ಣ ನಾಯಿಗಳನ್ನು ಊರವರು ಸೈಬೀರಿಯದ ಇಲಿಗಳು ಎಂದು ಹಂಗಿಸಿದರು. ಮರುವರ್ಷ ಗೆದ್ದದ್ದು ಅಂಥ ಇಲಿಗಳ ತಂಡವೇ. ಅದೇ ಸೈಬೀರಿಯನ್ ಕುಲದ ಟೋಗೊ ಎಂಬ ಮರಿ ಎಷ್ಟು ಸಣಕಲಾಗಿತ್ತೆಂದರೆ, ಬಂಡಿಗೆ ಆಗಿಬರುವುದಲ್ಲ ಎಂದು ಒಡೆಯ ಲಿಯೊನ್‌ಹಾರ್ಡ್ ಸೆಪ್ಪಾಲ ಅದನ್ನು ಒಂದು ಮನೆಗೆ ಸಾಕಲು ಕೊಟ್ಟುಬಿಟ್ಟ. ಮರಿ ಕಿಟಕಿಯ ಗಾಜು ಒಡೆದುಕೊಂಡು ಹಾರಿ ವಾಪಸು ಬಂತು. ಬಂಡಿಗಳ ಹಿಂದೆ ಓಡಿ ಕಾಟ ಕೊಟ್ಟಿತು. ಬೇರೆ ದಾರಿ ಕಾಣದೆ ಹಗ್ಗಕ್ಕೆ ಕಟ್ಟಿದರೆ ಅದು ಹುಟ್ಟಾ ಮುಂದಾಳು! 1925ರಲ್ಲಿ ನೋಮ್‌ಗೆ ಗಂಟಲಮಾರಿ ಬಂದಾಗ ಔಷಧಿ ತರಲು ಹನ್ನೆರಡರ ಮುದಿಪ್ರಾಯದಲ್ಲಿ ಅದು ಹೋಗಿ ಬಂದು ಸುಮಾರು 420 ಕಿಲೋಮೀಟರ್ ಓಡಿತು. ಕೊನೆಯ ಹಂತ ಓಡಿದ ಬಾಲ್ಟೊ ಎಂಬ ಇನ್ನೊಂದು ನಾಯಿಗೆ ನ್ಯೂಯಾರ್ಕ್‌ನಲ್ಲಿ ಪ್ರತಿಮೆ ಎದ್ದಿತು. ದುಡಿದವನೊಬ್ಬ, ಹಾರ ಹಾಕಿಸಿಕೊಂಡವನೊಬ್ಬ. ಅದು ಅಲಾಸ್ಕಾದಲ್ಲೂ ಇದೆ ನೋಡಿ.

ನನಗೆ ಕಾಣುವಂತೆ, ಬಂಡಿನಾಯಿಗೆ ಬೇಕಾದದ್ದು ಎಳೆಯುವ ಹುಚ್ಚು, ಒಳತುಪ್ಪಳ, ಗಟ್ಟಿ ಪಾದ. ಮಡಿಲಿನ ನಾಯಿಗಳಲ್ಲಿ ನಾವು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದು ಮಡಿಲನ್ನೇ ಬಯಸುವ ಸ್ವಭಾವ. ಅಲಾಸ್ಕಾದ ವಸಿಲಾದಲ್ಲಿ 1970ರ ದಶಕದಲ್ಲಿ ಹಸ್ಕಿಯದೇ ಚಿಕ್ಕ ಪ್ರತಿಯಂತಿರುವ ಅಲಾಸ್ಕನ್ ಕ್ಲೀ ಕಾಯ್ ತಳಿ ಬೆಳೆಸಿದರಲ್ಲ, ಅದೂ ಸಾಕಿ ಮುದ್ದಾಡಲಿಕ್ಕೇ.

ಇತ್ತ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಉಲ್ಟಾ. ಎಳೆಯಲೆಂದೇ ಹುಟ್ಟಿದ ಒಂದು ಹಸ್ಕಿ ಏಪ್ರಿಲ್ ಬಂತೆಂದರೆ ಲಿಫ್ಟಿನ ಎದುರಿನ ಗ್ರಾನೈಟಿಗೆ ಹೊಟ್ಟೆ ಅಂಟಿಸಿ, ಹಿಂಗಾಲು ಹಿಂದಕ್ಕೆ ಚಾಚಿ ಬಿದ್ದಿರುತ್ತದೆ. ಅದರ ಒಡತಿ, "ಎಸಿ ಇಲ್ದೆ ಒಂದು ಗಳಿಗೆ ಇರಲ್ಲ ಸಾರ್, ಕರೆಂಟ್ ಬಿಲ್ ಇವನ ಹೆಸರಿಗೇ ಮಾಡಿಸಬೇಕು" ಎನ್ನುತ್ತಾರೆ.

ಇಷ್ಟಾದರೂ ಕೆನಡಾದಲ್ಲೋ ಮಿನೆಸೋಟಾದಲ್ಲೋ ಇರುವ ನಮ್ಮವರಿಗೆ, ಮನೆಯ ಪುಟ್ಟ ನಾಯಿಯ ಕೈಲಿ ಮಗುವಿನ ಪ್ಲಾಸ್ಟಿಕ್ ಆಟದ ಬಂಡಿ ಎಳೆಸುವ ಆಸೆ ಇದ್ದರೆ ಎಳೆಸಿ. ಬಂಡಿ ಖಾಲಿ ಇರಲಿ, ದೂರ ಅಂಗಳದಷ್ಟಿರಲಿ. ಕೊರಳಪಟ್ಟಿಗೆ ಮಾತ್ರ ಹಗ್ಗ ಬಿಗಿಯಬೇಡಿ. ಈ ಪುಟಾಣಿಗಳ ಶ್ವಾಸನಾಳ ನಾಜೂಕು, ಎದೆಯ ಸುತ್ತ ಬರುವ ಹಾರ್ನೆಸ್ ಹಾಕಿ. ಪಾದ ಎತ್ತಿ ನಿಂತರೆ ಆಟ ಮುಗಿಯಿತು ಎಂದರ್ಥ. ವಾಪಸು ಬರುವಾಗ ಬಂಡಿಯ ಮೇಲೆ ನಾಯಿ ಕೂತಿರುತ್ತದೆ, ಎಳೆಯುವವರು ನೀವು. ಕೈಗವಸು ಮರೆಯಬೇಡಿ.