ಸೂಜಿಗೆ ಮೊದಲು ನಾಲ್ಕು ಮಾತು

ನಾವು ಚಿಕ್ಕವರಿದ್ದಾಗ ಲಸಿಕೆ ಎಂಬ ಪದ ಯಾರ ಬಾಯಲ್ಲೂ ಇರಲಿಲ್ಲ. ‘ದಾಕು’ ಎನ್ನುತ್ತಿದ್ದರು. ದಾಕು ಹಾಕುವವರು ಊರಿಗೆ ಬಂದರೆಂದರೆ ಮಕ್ಕಳೆಲ್ಲ ಅಟ್ಟ ಹತ್ತಿ ಅಡಗುತ್ತಿದ್ದೆವು. ಹಿಡಿದು ತರುವುದು ದೊಡ್ಡವರ ಕೆಲಸ, ಚುಚ್ಚಿ ಹೋಗುವುದು ಅವರ ಕೆಲಸ. ಏನು, ಏಕೆ ಎಂದು ಕೇಳುವ ಪದ್ಧತಿಯೂ ಇರಲಿಲ್ಲ, ಹೇಳುವ ಪದ್ಧತಿಯೂ ಇರಲಿಲ್ಲ. ತೋಳಿನ ಮೇಲಿನ ಕಲೆ ಇಂದಿಗೂ ಇದೆ. ಸಿಡುಬು ಮಾತ್ರ 1977ರಲ್ಲಿ ದೇಶ ಬಿಟ್ಟು ಹೋಯಿತೆಂದು ಘೋಷಣೆಯಾಯಿತು.

ಈಗಿನ ತಂದೆತಾಯಿ ಹಾಗಲ್ಲ. ಕೇಳುತ್ತಾರೆ. ಉತ್ತರ ಸಿಗದಿದ್ದರೆ ಮೊಬೈಲಿನಲ್ಲಿ ಹುಡುಕುತ್ತಾರೆ. ಅಲ್ಲಿ ಸಿಗುವುದೆಲ್ಲ ನಿಜವಲ್ಲ ಎಂಬುದೇ ತೊಂದರೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಸುಳ್ಳು ಸುದ್ದಿಗಳು ನಿಮಗೂ ನೆನಪಿರಬಹುದು.

ಗೋಕುಲಂನ ನಮ್ಮ ಮನೆಯ ಮಹಡಿಯಲ್ಲಿ ಕೆಲವು ವರ್ಷಗಳ ಹಿಂದೆ ಹುಣಸೂರು ಕಡೆಯ ಗಂಡ-ಹೆಂಡತಿ ಬಾಡಿಗೆಗಿದ್ದರು. ಚೊಚ್ಚಲ ಕೂಸು. ಬಾಣಂತನಕ್ಕೆ ಹೋಗಿದ್ದ ಕಡೆ ಆರನೇ ವಾರದ ಪೆಂಟಾ ಲಸಿಕೆ ಹಾಕಿಸಿದ್ದರು. ಅಂದು ರಾತ್ರಿ ಮಗುವಿಗೆ ಜ್ವರ, ತೊಡೆ ಊದಿ ಕೆಂಪಾಗಿತ್ತಂತೆ. ಹೀಗಾಗಬಹುದೆಂದು ಯಾರೂ ಮುಂಚೆ ಹೇಳಿರಲಿಲ್ಲ. ಬೆಳಗಿನವರೆಗೆ ಕೂಸನ್ನು ಎದೆಗವಚಿಕೊಂಡು ಕುಳಿತಿದ್ದ ಅಜ್ಜಿ, ‘ಇನ್ನು ಈ ಮನೇಲಿ ಸೂಜಿ ಮಾತು ಬೇಡ’ ಎಂದುಬಿಟ್ಟರು. ಹತ್ತನೇ ವಾರ ಹೋಯಿತು, ಹದಿನಾಲ್ಕನೆಯದೂ ಹೋಯಿತು.

ಒಂದು ದಿನ ಆಶಾ ಕಾರ್ಯಕರ್ತೆಯೊಡನೆ ಒಬ್ಬ ನರ್ಸ್ ಬಂದರು. ‘ಯಾಕೆ ಬರಲಿಲ್ಲ?’ ಎಂದು ಗದರುತ್ತಾರೆಂದುಕೊಂಡೆ. ಆಕೆ ಮೆಟ್ಟಿಲ ಮೇಲೆ ಅಜ್ಜಿಯ ಪಕ್ಕ ಕುಳಿತು, ‘ಅವತ್ತು ರಾತ್ರಿ ಏನಾಯ್ತು ಹೇಳಿ ಅಜ್ಜಿ’ ಎಂದರು. ಅಜ್ಜಿ ಹೇಳುವಷ್ಟು ಹೊತ್ತೂ ನಡುವೆ ಬಾಯಿ ಹಾಕಲಿಲ್ಲ. ‘ಗಾಬರಿ ಆಗೋದು ಸಹಜ. ಮೊದಲೇ ಹೇಳಬೇಕಿತ್ತು’ ಎಂದು ಆಮೇಲೆ ವಿವರಿಸಿದರು. ಜ್ವರ, ನೋವು ಒಂದೆರಡು ದಿನದಲ್ಲಿ ಇಳಿಯುತ್ತದೆ. ಊದಿದ ಕಡೆ ತಣ್ಣೀರಿನ ಶುಭ್ರ ಬಟ್ಟೆ ಇಡಿ; ಎಣ್ಣೆ, ಅರಿಶಿನ ಹಚ್ಚಬೇಡಿ, ತಿಕ್ಕಬೇಡಿ. ಎದೆಹಾಲು ನಿಲ್ಲಿಸಬೇಡಿ. ಜ್ವರದ ಔಷಧಿ ಮಗುವಿನ ತೂಕ ನೋಡಿ ನಾವು ಹೇಳಿದಷ್ಟೇ ಕೊಡಿ. ಆದರೆ ಫಿಟ್ಸ್ ಬಂದರೆ, ಉಸಿರಾಟ ಕಷ್ಟವಾದರೆ, ಅಳು ಗಂಟೆಗಟ್ಟಲೆ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ. ಇಷ್ಟು ಹೇಳಿ ತಾಯಿ ಕಾರ್ಡಿನ ಮೇಲೆ ತಮ್ಮ ಫೋನ್ ನಂಬರ್ ಬರೆದುಕೊಟ್ಟರು. ತಪ್ಪಿದ್ದಕ್ಕೆ ಮೊದಲಿನಿಂದ ಶುರುಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು ಎಂದರು.

ಕಾಫಿ ಕುಡಿಯುತ್ತಾ, ಇಷ್ಟು ತಾಳ್ಮೆ ಎಲ್ಲಿ ಕಲಿತಿರಮ್ಮಾ ಎಂದು ಕೇಳಿದೆ. ‘ತರಬೇತೀಲಿ ಸಾರ್. ಒಬ್ಬರು ತಾಯಿ, ಒಬ್ಬರು ನರ್ಸ್ ಆಗಿ ಮಾತಾಡಿ ಅಭ್ಯಾಸ ಮಾಡಿಸ್ತಾರೆ’ ಎಂದು ನಕ್ಕರು. ಪ್ರತಿ ತಾಯಿಗೂ ತಪ್ಪದೆ ಹೇಳಬೇಕಾದ ನಾಲ್ಕು ಮಾತುಗಳಿವೆಯಂತೆ: ಯಾವ ಲಸಿಕೆ, ಯಾವ ರೋಗಕ್ಕೆ, ಏನು ತೊಂದರೆ ಆಗಬಹುದು, ಆದರೆ ಏನು ಮಾಡಬೇಕು, ಮತ್ತೆ ಯಾವಾಗ ಬರಬೇಕು, ಕಾರ್ಡು ಜೋಪಾನವಾಗಿಟ್ಟು ಮುಂದಿನ ಸಲ ತರಬೇಕು.

ಕೈಕೆಲಸದ ಪಾಠವೂ ಇದೆ. ಲಸಿಕೆಯ ಬಾಟಲಿಯ ಮೇಲೆ ಒಂದು ವೃತ್ತ, ಅದರೊಳಗೆ ಬಿಳಿ ಚೌಕ. ಹೆಚ್ಚು ಶಾಖ ತಗುಲಿದರೆ ಚೌಕದ ಬಣ್ಣ ಗಾಢವಾಗುತ್ತಾ ಹೋಗುತ್ತದೆ. ವೃತ್ತದ ಬಣ್ಣಕ್ಕೆ ಬಂದರೆ ಆ ಲಸಿಕೆ ಹಾಕುವಂತಿಲ್ಲ. ದಡಾರ-ರುಬೆಲ್ಲಾ ಲಸಿಕೆ ಕಲಸಿದ ವೇಳೆ ಬರೆದಿಟ್ಟು, 4 ಗಂಟೆಯೊಳಗೆ ಬಳಸಬೇಕು. ಸಿರಿಂಜು ಒಮ್ಮೆ ಬಳಸಿದರೆ ತಾನೇ ಲಾಕ್ ಆಗುತ್ತದೆ. ಚುಚ್ಚಿದ ಮೇಲೆ ಮಗುವನ್ನು ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳುವುದು ತೀವ್ರ ಅಲರ್ಜಿಯ ಸಲುವಾಗಿ. ಅದು ಬಹಳ ಅಪರೂಪ, ಹತ್ತು ಲಕ್ಷ ಡೋಸಿಗೆ ಸುಮಾರು ಒಂದು. ಆದರೂ ಕಾಯುತ್ತಾರೆ.

ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕುಳಿತವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನೋಟು ಸರಿಯಾಗಿ ಎಣಿಸಿದರೆ ಸಾಲದು, ಗ್ರಾಹಕನ ಕಣ್ಣೆದುರು ಎಣಿಸಬೇಕು. ಲೆಕ್ಕ ಎಷ್ಟು ಮುಖ್ಯವೋ ನಂಬಿಕೆಯೂ ಅಷ್ಟೇ ಮುಖ್ಯ.

ನಮ್ಮ ಮೈಸೂರಿಗೆ ಈ ಪಾಠ ಹೊಸದಲ್ಲ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೂವರು ರಾಜಮನೆತನದ ಹೆಂಗಸರ ಚಿತ್ರ ಬರೆದ. ಅದರಲ್ಲಿ ಒಬ್ಬರು ಸೀರೆಯ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾರೆ. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ, ತೋರಿಸುತ್ತಿರುವುದು ಆಗ ಹೊಸತಾಗಿ ಬಂದಿದ್ದ ಸಿಡುಬಿನ ದಾಕು ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರರೊಬ್ಬರ ಅಭಿಪ್ರಾಯ. ಅರಮನೆಯವರೇ ಹಾಕಿಸಿಕೊಂಡಿದ್ದಾರೆ ಎಂದರೆ ಪ್ರಜೆಗಳ ಭಯ ಅರ್ಧ ಇಳಿದಂತೆ.

ಮಹಡಿಯ ಕೂಸಿಗೆ ಉಳಿದ ಲಸಿಕೆಗಳೆಲ್ಲ ಆದವು. ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಹಾಕಿಸಲು ಕಾರ್ಡು ಹಿಡಿದು ಮುಂದೆ ಹೊರಟವರು ಅಜ್ಜಿಯೇ.

ಮಕ್ಕಳನ್ನು ಲಸಿಕೆಗೆ ಕರೆದೊಯ್ಯುವ ಅಪ್ಪ-ಅಮ್ಮಂದಿರಿಗೆ ಈ ಮುದುಕನದೊಂದು ಕೋರಿಕೆ. ಆ ನಾಲ್ಕು ಮಾತು ಕೇಳಿಸಿಕೊಂಡೇ ಎದ್ದು ಬನ್ನಿ. ಗಡಿಬಿಡಿಯಲ್ಲಿ ಅವರು ಮರೆತರೆ ನೀವೇ ಕೇಳಿ. ಸಂಕೋಚ ಬೇಡ, ಹೇಳುವುದೂ ಅವರ ಕೆಲಸವೇ.