ಛಾಯಾಗ್ರಹಣ: ಹವ್ಯಾಸ, ವ್ಯಾಪಾರ ಮತ್ತು ಕಾಯಕ

ಪುಸ್ತಕದ ರಕ್ಷಾಪುಟದ ಮೇಲೆ ನಗುವ ಬಾಲಕ, ಬ್ಯಾಂಕಿನ ಗೋಡೆಯ ಮೇಲೆ ಕೈಕುಲುಕುವ ವ್ಯಾಪಾರಸ್ಥರು, ಬೀಜದ ಚೀಲದ ಮೇಲೆ ತೆನೆಯೊಡೆದ ಹೊಲ: ಇಂಥ ಚಿತ್ರಗಳನ್ನು ಕಾಣದೆ ಇಂದಿನ ಮನುಷ್ಯನ ಒಂದು ದಿನವೂ ಕಳೆಯುವುದಿಲ್ಲ. ಅವುಗಳನ್ನು ತೆಗೆದವರು ಯಾರು, ಅವುಗಳಲ್ಲಿ ಇರುವವರು ಯಾರು ಎಂದು ಕೇಳುವವರು ಮಾತ್ರ ವಿರಳ. ಇವುಗಳಲ್ಲಿ ಎಷ್ಟೋ ಚಿತ್ರಗಳನ್ನು ಮೊದಲೇ ತೆಗೆದು ಭಂಡಾರದಲ್ಲಿ ಕೂಡಿಟ್ಟಿರುತ್ತಾರೆ. ಬೇಕಾದವರು ಹಣ ತೆತ್ತು ಬಳಸಿಕೊಳ್ಳುತ್ತಾರೆ. ‘ಸ್ಟಾಕ್ ಫೋಟೋಗ್ರಫಿ’ ಎಂದು ಹೆಸರಾದ ಈ ವ್ಯವಹಾರದಲ್ಲಿ ಕೈಬದಲಾಗುವುದು ಚಿತ್ರವನ್ನು ಬಳಸುವ ಅನುಮತಿ. ಆದಕಾರಣ ಒಂದೇ ಚಿತ್ರ ನೂರು ಬಾರಿ ಮಾರಾಟವಾದರೂ ಮುಗಿಯುವುದಿಲ್ಲ.

ಈ ವೃತ್ತಿಗೆ ಒಂದು ಶತಮಾನದ ಇತಿಹಾಸವಿದೆ. 1920ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಎಚ್. ಆರ್ಮ್‌ಸ್ಟ್ರಾಂಗ್ ರಾಬರ್ಟ್ಸ್ ಎಂಬವರು ಇಂಥ ಮೊದಮೊದಲ ಸಂಸ್ಥೆಗಳಲ್ಲೊಂದನ್ನು ತೆರೆದರು. 1935ರಲ್ಲಿ ನಾಜಿಗಳ ಜರ್ಮನಿಯನ್ನು ತೊರೆದ ಗ್ರಂಥಪಾಲಕ ಆಟೋ ಬೆಟ್‌ಮನ್, ಪೆಟ್ಟಿಗೆಗಳಲ್ಲಿ ಚಿತ್ರಗಳನ್ನು ತುಂಬಿಕೊಂಡು ನ್ಯೂಯಾರ್ಕ್ ಸೇರಿದರು. ಆ ಪೆಟ್ಟಿಗೆಗಳಿಂದಲೇ ಜಗದ್ವಿಖ್ಯಾತವಾದ ಭಂಡಾರವೊಂದನ್ನು ಕಟ್ಟಿದರು. ಬಿಲ್ ಗೇಟ್ಸ್ ಅವರು 1989ರಲ್ಲಿ ಸ್ಥಾಪಿಸಿದ ಸಂಸ್ಥೆ 1995ರಲ್ಲಿ ಅದನ್ನು ಕೊಂಡುಕೊಂಡಿತು. ಅದೇ 1995ರಲ್ಲಿ ಗೆಟ್ಟಿ ಸಂಸ್ಥೆಯೂ ಹುಟ್ಟಿತು. ಆದರೆ ಅಲ್ಲಿಯವರೆಗೆ ಭಂಡಾರಗಳ ಬಾಗಿಲು ವೃತ್ತಿನಿರತರಿಗೆ ತೆರೆದಷ್ಟು ಹವ್ಯಾಸಿಗಳಿಗೆ ತೆರೆದಿರಲಿಲ್ಲ.

ಆ ಬಾಗಿಲನ್ನು ತೆರೆದುದು ಅಂತರ್ಜಾಲ. 2000ದಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಬ್ರೂಸ್ ಲಿವಿಂಗ್‌ಸ್ಟನ್ ಅವರು ‘ಐಸ್ಟಾಕ್‌ಫೋಟೋ’ವನ್ನು ಆರಂಭಿಸಿದರು. ಮೊದಲಲ್ಲಿ ಅದು ಚಿತ್ರಗಳನ್ನು ಉಚಿತವಾಗಿ ಕೊಟ್ಟು ಕೊಳ್ಳುವ ತಾಣವಾಗಿತ್ತು. ಬೆಲೆ ಬಂದುದು ಆಮೇಲೆ. 2003ರಲ್ಲಿ ನ್ಯೂಯಾರ್ಕಿನ ಜಾನ್ ಓರಿಂಜರ್ ತಾವೇ ತೆಗೆದ ಸುಮಾರು 30,000 ಚಿತ್ರಗಳಿಂದ ‘ಷಟರ್‌ಸ್ಟಾಕ್’ ಸಂಸ್ಥೆಯನ್ನು ತೊಡಗಿಸಿದರು. ಅದೇ ವರ್ಷ ಕ್ಯಾನನ್ ಕಂಪನಿಯ 300ಡಿ ಎಂಬ ಕ್ಯಾಮೆರಾ 1,000 ಡಾಲರಿಗಿಂತ ಕಡಿಮೆ ಬೆಲೆಗೆ ಪೇಟೆಗೆ ಬಂದಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ರಚಿಸಿದ ಮೊದಲ ಡಿಜಿಟಲ್ ಕ್ಯಾಮೆರಾ ಮೂರೂವರೆ ಕಿಲೋಗಿಂತ ಹೆಚ್ಚು ತೂಗುತ್ತಿತ್ತು. 10,000 ಬಿಂದುಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ಬರೆದಿಡಲು 23 ಸೆಕೆಂಡು ಬೇಡುತ್ತಿತ್ತು. ಕೊರಳಿಗೆ ತೂಗಿಕೊಳ್ಳಬಹುದಾದ 300ಡಿಯ ಚಿತ್ರದಲ್ಲಿ 63 ಲಕ್ಷ ಬಿಂದುಗಳು. ಉಪಕರಣವೂ ಮಾರುಕಟ್ಟೆಯೂ ಏಕಕಾಲಕ್ಕೆ ಸಾಮಾನ್ಯನ ಕೈಗೆಟುಕಿದವು.

ಹೀಗೆ ಕೈಗೆಟುಕಿದವರಲ್ಲಿ ಚಿತ್ರಕಲೆಯನ್ನು ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರೂ ಸೇರಿದ್ದರು. ಉತ್ತರ ಕರ್ನಾಟಕದ ಮಠವೊಂದರ ಪ್ರಸಾದನಿಲಯದಲ್ಲಿ ಉಂಡು ಓದಿದವರು. ಅಲ್ಲಿಯ ಶಾಲೆಯಲ್ಲಿಯೇ ಮೂರು ದಶಕ ಪಾಠ ಹೇಳಿದವರು. ಅವರ ಸಲಕರಣೆ ಅಲ್ಪ: ಮತ್ತೊಬ್ಬರು ಬಳಸಿ ಬಿಟ್ಟ ಕ್ಯಾಮೆರಾ, 50 ಮಿಲಿಮೀಟರಿನ ಒಂದು ಲೆನ್ಸ್, ಮೂರು ಕಾಲಿನ ಒಂದು ಸ್ಟ್ಯಾಂಡು. ಫ್ಲಾಶಿನ ಬದಲು ಉತ್ತರದ ಕಿಟಕಿ. ಕಿಟಕಿಗೆ ತೆಳುವಾದ ಬಿಳಿ ಧೋತರ. ನೆರಳು ಬಿದ್ದ ಕಡೆಗೆ ಬೆಳಕು ಮರಳಿಸಲು ಒಂದು ಥರ್ಮೋಕೋಲ್ ಹಲಗೆ. ಕಂಚಿನ ತಂಬಿಗೆ, ಕುಸುಬೆಯ ಹೂವು, ಬಿಳಿಜೋಳದ ತೆನೆ ಅವರ ಮೊದಲ ವಸ್ತುಗಳಾದವು.

ಭಂಡಾರಕ್ಕೆ ಕಳಿಸಿದ ಮೊದಲ ಹತ್ತು ಚಿತ್ರಗಳಲ್ಲಿ ಒಂಬತ್ತು ತಿರಸ್ಕೃತವಾದವು. ಪರೀಕ್ಷಕರು ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡುತ್ತಾರೆ. ಆಕಾಶದಲ್ಲಿ ಕಾಣುವ ಕರಿಯ ಚುಕ್ಕೆ ಸೆನ್ಸಾರಿನ ಮೇಲೆ ಕುಳಿತ ಧೂಳೆಂದು ಅವರು ಬಲ್ಲರು; ಮಂದ ಬೆಳಕಿನಲ್ಲಿ ಐಎಸ್ಓ ಏರಿಸಿದರೆ ಮೂಡುವ ಮರಳಿನಂಥ ಕಣಗಳನ್ನೂ, ಕೂದಲೆಳೆಯಷ್ಟು ತಪ್ಪಿದ ಫೋಕಸನ್ನೂ ಅವರು ಗುರುತಿಸುತ್ತಾರೆ. ಆಮೇಲೆ ಪ್ರತಿಯೊಂದು ಚಿತ್ರಕ್ಕೂ ಹುಡುಕುಪದಗಳನ್ನು ಬರೆಯಬೇಕು, ಐವತ್ತರವರೆಗೆ ಅವಕಾಶವುಂಟು. ಅಷ್ಟು ಪದ ಬರೆಯಬೇಕಾದರೆ ತೆಗೆದ ವಸ್ತುವನ್ನು ಮತ್ತೊಮ್ಮೆ ನೋಡಲೇಬೇಕು. ವಿದ್ಯಾರ್ಥಿಗಳಿಗೆ ಜೀವಮಾನವೆಲ್ಲ ‘ನೋಡಿ ಬರಿಯಿರಿ’ ಎಂದು ಹೇಳಿದ ಮಾಸ್ತರರು ಆ ಪಾಠವನ್ನು ಅರವತ್ತರ ಮೇಲೆ ತಾವೇ ಕಲಿತರು.

ಉಪಕರಣದ ವ್ಯಾಮೋಹಕ್ಕೆ ಒಳಗಾಗುವವರು ಚಾರ್ಲ್ಸ್ ಓರಿಯರ್ ಅವರ ಚಿತ್ರವೊಂದರ ಕಥೆಯನ್ನು ಅರಿಯುವುದು ಲೇಸು. 1996ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಪ್ರಾಂತದ ರಸ್ತೆಯಲ್ಲಿ ಹೋಗುತ್ತಿದ್ದ ಅವರು, ಮಳೆ ನಿಂತು ಹಸುರು ಹೊಳೆಯುತ್ತಿದ್ದ ಗುಡ್ಡವೊಂದನ್ನು ಕಂಡು ಗಾಡಿ ನಿಲ್ಲಿಸಿದರು. ಫಿಲ್ಮ್ ಹಾಕಿದ ಮಾಮಿಯಾ ಕ್ಯಾಮೆರಾದಲ್ಲಿ ಅದನ್ನು ಸೆರೆಹಿಡಿದು ಭಂಡಾರಕ್ಕೆ ಸೇರಿಸಿದರು. ವರ್ಷಗಳ ಮೇಲೆ ಮೈಕ್ರೋಸಾಫ್ಟ್ ಸಂಸ್ಥೆ ಅದರ ಹಕ್ಕುಗಳನ್ನು ಕೊಂಡಿತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಆ ಗುಡ್ಡ ಲೋಕದ ಮೂಲೆಮೂಲೆಯ ಗಣಕಯಂತ್ರಗಳ ಪರದೆಯ ಮೇಲೆ ಮೂಡಿತು. ಆ ಚಿತ್ರಕ್ಕೆ ಬೇಕಾದ ಮುಖ್ಯ ಸಲಕರಣೆ ಗಾಡಿ ನಿಲ್ಲಿಸುವ ವ್ಯವಧಾನವೇ ಆಗಿತ್ತು.

ಆದರೆ ಅಂಥ ಭಾಗ್ಯ ಕೋಟಿಗೊಬ್ಬರದು. ಪೂರೈಕೆ ಹೆಚ್ಚಿದಂತೆ ಬೆಲೆ ಇಳಿಯುವುದು ಸಂತೆಯ ನಿಯಮ. 2020ರ ಜೂನಿನಲ್ಲಿ ಷಟರ್‌ಸ್ಟಾಕ್ ತಂದ ಪದ್ಧತಿಯಂತೆ ಚಿತ್ರಕಾರನ ಪಾಲು ಶೇಕಡಾ 15ರಿಂದ ಮೊದಲಾಗಿ, ಮಾರಾಟ ಬೆಳೆದಂತೆ ಶೇಕಡಾ 40ರವರೆಗೆ ಏರುತ್ತದೆ. ಜನವರಿ ಒಂದರಂದು ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೆ ಇಳಿಯಬೇಕು. ಎಷ್ಟೋ ಮಾರಾಟಗಳಿಗೆ ಸಿಕ್ಕುವುದು ಹತ್ತು ಸೆಂಟು ಮಾತ್ರ. ಮಾಸ್ತರರಿಗೆ ಮೊದಲ ವರ್ಷ ಬಂದ ಹಣ ಕ್ಯಾಮೆರಾದ ಚೀಲದ ಬೆಲೆಗೂ ಸಾಲಲಿಲ್ಲ. ಅದರಿಂದ ಅವರು ನೊಂದಂತೆ ತೋರಲಿಲ್ಲ. ಅವರನ್ನು ಕಾಡಿದ ಪ್ರಶ್ನೆ ಬೇರೆಯ ಕಡೆಯಿಂದ ಬಂದಿತು.

ಜಾತ್ರೆಯ ದಿನ ದಾಸೋಹದ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದ ಮುದುಕಿಯೊಬ್ಬಳ ಚಿತ್ರವನ್ನು ಅವರು ತೆಗೆದಿದ್ದರು. ಬೆಂಕಿಯ ಬೆಳಕು ಅರ್ಧ ಮುಖದ ಮೇಲೆ ಬಿದ್ದ ಆ ಚಿತ್ರ ಅವರು ತೆಗೆದವುಗಳಲ್ಲೆಲ್ಲ ಉತ್ತಮವಾದುದು. ಗುರುತು ಸಿಕ್ಕುವಂಥ ಮುಖವಿದ್ದರೆ ‘ಮಾಡೆಲ್ ರಿಲೀಸ್’ ಎಂಬ ಒಪ್ಪಿಗೆಪತ್ರಕ್ಕೆ ಆ ವ್ಯಕ್ತಿಯ ಸಹಿ ಇಲ್ಲದೆ ಭಂಡಾರವು ಚಿತ್ರವನ್ನು ಜಾಹೀರಾತಿನ ಬಳಕೆಗೆ ಸ್ವೀಕರಿಸುವುದಿಲ್ಲ. ಮಾಸ್ತರರು ಕಾಗದ ಹಿಡಿದು ಆಕೆಯ ಮನೆಗೆ ಹೋದರು. ಅದರ ಅರ್ಥವನ್ನು ಕನ್ನಡದಲ್ಲಿ ತಿಳಿಸಿ ಹೇಳಿದರು.

“ನನ್ನ ಮಾರಿ ತೋರ್ಸಿ ಅವ್ರು ಏನ್ ಮಾರ್ತಾರ್ರೀ ಮಾಸ್ತರ?” ಎಂದು ಮುದುಕಿ ಕೇಳಿದಳು.

“ಅದು ನನಗೂ ತಿಳಿಯೂದಿಲ್ಲವ್ವ. ಕೊಂಡವರು ತಮಗೆ ಬೇಕಾದ್ದಕ್ಕ ಹಾಕ್ಕೋತಾರ.”

“ಹಂಗಾದ್ರ ಕೈ ತಗೋರಿ. ಮಾರಿ ಬ್ಯಾಡ್ರಿ. ಮಠದಾಗ ರೊಟ್ಟಿ ಬಡದದ್ದು ನಾ ರೊಕ್ಕಕ್ಕಲ್ಲ.”

ಆಕೆ ಓದಿದವಳಲ್ಲ. ಆದರೂ ಇಡೀ ವ್ಯವಹಾರದ ತಿರುಳಿಗೆ ಅವಳ ಪ್ರಶ್ನೆ ನೇರವಾಗಿ ಕೈಯಿಟ್ಟಿತು. ಭಂಡಾರಗಳ ನಿಯಮಗಳು ಕೆಲವು ನೀಚ ಬಳಕೆಗಳನ್ನು ನಿಷೇಧಿಸುತ್ತವೆ, ನಿಜ. ಆದರೂ ಔಷಧಿಗೋ ಸಾಲದ ಜಾಹೀರಾತಿಗೋ ಬಡತನದ ಲೇಖನಕ್ಕೋ ಆ ಮುಖ ಹೋಗಿ ನಿಲ್ಲಬಹುದು. ದಾಸೋಹದ ಸೇವೆಗೆ ಬಂದ ಹೆಣ್ಣುಮಗಳು ಓದುಗನ ಕಣ್ಣಿಗೆ ಹಸಿದವಳಾಗಿ ಕಾಣಬಹುದು. ಇತ್ತೀಚೆಗೆ ಇನ್ನೊಂದು ಬಳಕೆಯೂ ಕೂಡಿಕೊಂಡಿದೆ. ಚಿತ್ರಗಳನ್ನು ಯಂತ್ರಗಳಿಗೆ ಉಣಿಸಿ, ಹೊಸ ಚಿತ್ರಗಳನ್ನು ಯಂತ್ರವೇ ರಚಿಸುವಂತೆ ಮಾಡುವ ವಿದ್ಯೆ 2022ರಿಂದೀಚೆಗೆ ಜನಬಳಕೆಗೆ ಬಂದಿದೆ. ತನ್ನ ಚಿತ್ರಗಳನ್ನು ಅನುಮತಿಯಿಲ್ಲದೆ ಹೀಗೆ ಬಳಸಲಾಯಿತೆಂದು ಗೆಟ್ಟಿ ಸಂಸ್ಥೆ 2023ರಲ್ಲಿ ಸ್ಟೆಬಿಲಿಟಿ ಎಐ ಎಂಬ ಸಂಸ್ಥೆಯ ಮೇಲೆ ನ್ಯಾಯಾಲಯಕ್ಕೆ ಹೋಯಿತು. ಹಕ್ಕಿನ ಒಡೆಯರೇ ಬಳಕೆಯ ಜಾಡು ಹಿಡಿಯಲು ನ್ಯಾಯಾಲಯದ ಮೆಟ್ಟಿಲೇರಬೇಕಾದಲ್ಲಿ, ಒಲೆಯ ಮುಂದಿನ ಮುದುಕಿಯ ಶಂಕೆ ಅಕಾರಣವೆನ್ನಲಾದೀತೆ?

ಮಾಸ್ತರರು ಆ ಚಿತ್ರವನ್ನು ಭಂಡಾರಕ್ಕೆ ಕಳಿಸಲಿಲ್ಲ. ಮುಂದೊಂದು ದಿನ ಅವಳ ಅಪ್ಪಣೆ ಪಡೆದು ಹಿಟ್ಟು ಮೆತ್ತಿದ ಎರಡು ಕೈಗಳನ್ನಷ್ಟೇ ತೆಗೆದು ಕಳಿಸಿದರು. ಮುಖವಿದ್ದ ಚಿತ್ರದ ಎರಡು ಪ್ರತಿ ಮುದ್ರಿಸಿ, ಒಂದನ್ನು ಆಕೆಗೂ ಇನ್ನೊಂದನ್ನು ಅವಳ ಸಮ್ಮತಿಯಿಂದ ಮಠಕ್ಕೂ ಒಪ್ಪಿಸಿದರು. ಹಳೆಯ ಶಿಷ್ಯರು ಕೆಲವರು ಇದನ್ನು ಕೇಳಿ, ಮಾಸ್ತರರು ಲೋಕವ್ಯವಹಾರ ಅರಿಯದವರೆಂದು ನಕ್ಕುದುಂಟು. ಶರಣಪರಂಪರೆಯನ್ನು ಬಲ್ಲವರಿಗೆ ಮಾತ್ರ ಆಯ್ದಕ್ಕಿ ಲಕ್ಕಮ್ಮನ ನೆನಪಾಗದಿರದು. ಪತಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದವಳು ಆಕೆ. ನೆಲದಲ್ಲಿ ಬಿದ್ದುದನ್ನು ಎತ್ತಿಕೊಂಡರೆ ಯಾರಿಗೂ ನಷ್ಟವಿಲ್ಲವೆಂಬ ವಾದ ಅವಳಿಗೆ ಒಪ್ಪಿಗೆಯಾಗಲಿಲ್ಲ. ಬೀದಿಯಲ್ಲಿ ಕಂಡ ಮುಖವನ್ನು ಎತ್ತಿಕೊಳ್ಳುವವನಿಗೂ ಆ ಅಳತೆಯೇ ಸಲ್ಲಬೇಕು.

ಹಾಗೆಂದು ಮಾರುವುದು ತಪ್ಪಲ್ಲ. ಪ್ರಾಮಾಣಿಕ ದುಡಿಮೆಗೆ ಬಂದ ಹತ್ತು ಸೆಂಟೂ ಕಾಯಕದ ಫಲವೇ. ಮಾರಬಹುದಾದುದು ಯಾವುದು, ನೀಡಬೇಕಾದುದು ಯಾವುದು, ಮುಟ್ಟಲೇ ಬಾರದುದು ಯಾವುದು ಎಂಬ ವಿವೇಕ ಕ್ಯಾಮೆರಾದೊಡನೆ ಬರುವುದಿಲ್ಲ. ಅಮೆರಿಕದ ಕ್ಯಾರಲ್ ಹೈಸ್ಮಿತ್ ಎಂಬ ಛಾಯಾಗ್ರಾಹಕಿ ತಮ್ಮ ಸಾವಿರಾರು ಚಿತ್ರಗಳನ್ನು ಸಾರ್ವಜನಿಕರ ಉಚಿತ ಬಳಕೆಗೆಂದು ತಮ್ಮ ದೇಶದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಕೊಟ್ಟರು. 2015ರ ಕೊನೆಯಲ್ಲಿ, ಅವರದೇ ಒಂದು ಚಿತ್ರವನ್ನು ಬಳಸಿದ್ದಕ್ಕೆ 120 ಡಾಲರ್ ಕೊಡಬೇಕೆಂಬ ಪತ್ರ ಅವರಿಗೇ ಬಂದಿತು. ಅವರು 2016ರಲ್ಲಿ ದಾವೆ ಹೂಡಿದರೂ ಹೆಚ್ಚಿನ ಫಲ ದೊರೆಯಲಿಲ್ಲ. ಆದರೂ ಕೊಡುವುದನ್ನು ಅವರು ಬಿಡಲಿಲ್ಲ. ಲೋಕ ದಾನವನ್ನು ಹೇಗೆ ಬಳಸಿದರೂ ದಾನಿಯ ಕೈ ಹಿಂದೆಗೆಯಬೇಕಾಗಿಲ್ಲ ಎಂಬುದಕ್ಕೆ ಇದು ನಿದರ್ಶನ.

ವಿದ್ಯಾಸಂಸ್ಥೆಗಳಿಗೂ ಇದರಲ್ಲಿ ಒಂದು ಪಾಠವಿದೆ. ಹಳೆಯ ವಿದ್ಯಾರ್ಥಿಗಳ ಕೈಯಲ್ಲಿ ಇಂದು ಉತ್ತಮ ಕ್ಯಾಮೆರಾಗಳಿವೆ. ಮಠಗಳಲ್ಲಿ ಸವೆಯುತ್ತಿರುವ ತಾಳೆಗರಿಗಳಿವೆ, ಕುಸಿಯುತ್ತಿರುವ ಹಳೆಯ ಪಡಸಾಲೆಗಳಿವೆ, ಹೆಸರು ಬರೆದಿಡದೆ ಮರೆಯಾಗುತ್ತಿರುವ ಸೇವಕರ ಮುಖಗಳಿವೆ. ಇವುಗಳನ್ನು ಹುಡುಕಿ ಕೊಳ್ಳುವ ಗಿರಾಕಿ ಯಾವ ಭಂಡಾರದಲ್ಲಿಯೂ ಸಿಗಲಾರ. ಆದರೆ ಐವತ್ತು ವರ್ಷಗಳ ಮೇಲೆ ಈ ಶಾಲೆಯ ಅಂಗಳಕ್ಕೆ ಬರುವ ಮಗುವೊಂದು ‘ಇಲ್ಲಿ ರೊಟ್ಟಿ ಬಡಿದವರು ಯಾರು?’ ಎಂದು ಕೇಳಿದರೆ, ಉತ್ತರವಾಗಿ ತೋರಲು ಒಂದು ಚಿತ್ರವೂ, ಅದರ ಕೆಳಗೆ ಒಂದು ಹೆಸರೂ ಇರಬೇಕು. ಕಾಯಕದಲ್ಲಿ ಗಳಿಸಿದ ಕೌಶಲವನ್ನು ದಾಸೋಹಕ್ಕೆ ತರುವ ದಾರಿಗಳಲ್ಲಿ ಇದೂ ಒಂದು.