ಬಾಗಿಲ ಕಂಬದ ಹಳದಿ ಚೀಟಿ

ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋದು ನಮ್ಮ ಕತ್ರಿಗುಪ್ಪೆ ಕಡೆ ಎಲ್ಲರಿಗೂ ಗೊತ್ತಿರುವ ಕೆಲಸ. ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರ್ಕೊಂಡು ಹೋಗೋದು, ಬಾನೆಟ್ ಎತ್ತಿಸೋದು, ಆಯಿಲ್ ಕಡ್ಡಿ ಎಳೆದು ಬಣ್ಣ ನೋಡೋದು, ರಿಂಗ್ ರೋಡಿನಲ್ಲಿ ಒಂದು ರೌಂಡ್ ಹೊಡೆಯೋದು, ಆಮೇಲೆ ‘ಕೊನೇ ರೇಟ್ ಹೇಳಿ ಸಾರ್’ ಅನ್ನೋದು. ಆದರೆ ನಾನು ಆರಿಸಿಕೊಡಬೇಕಾಗಿ ಬಂದ ಗಾಡಿ ಇದ್ದದ್ದು ಅಮೆರಿಕದ ಟೆಕ್ಸಸ್‌ನಲ್ಲಿ. ಅದೂ ಬರೀ ಓಡಾಡುವ ಗಾಡಿಯಲ್ಲ, ಹಿಂದೆ ಒಂದು ಮನೆಯನ್ನೇ ಎಳೆಯುವ ಗಾಡಿ.

ನಮ್ಮ ಸೋದರಮಾವ ಇರೋದು ಡಲ್ಲಾಸ್ ಹತ್ತಿರ. ತಾತ-ಅಜ್ಜಿ ನಮ್ಮ ಹಿಂದಿನ ಕ್ರಾಸಿನಲ್ಲೇ ಇದ್ದಾರೆ. ಅವರಿಬ್ಬರೂ ಆರು ತಿಂಗಳಿಗೆಂದು ಮಾವನ ಮನೆಗೆ ಹೊರಟಾಗ, ಅವರಿಗೆ ಗ್ರ್ಯಾಂಡ್ ಕ್ಯಾನಿಯನ್ ತೋರಿಸಲೇಬೇಕು ಅಂತ ಮಾವ ಹಟ ಹಿಡಿದರು. ಡಲ್ಲಾಸ್‌ನಿಂದ ಅಲ್ಲಿಗೆ ಹೆಚ್ಚುಕಡಿಮೆ 1,700 ಕಿ.ಮೀ. ತಾತನ ಎರಡೂ ಮಂಡಿ ಸವೆದಿವೆ. ಗಂಟೆಗೊಮ್ಮೆ ಕಾಲು ಚಾಚಬೇಕು, ಬಾತ್‌ರೂಮ್ ಹತ್ತಿರವೇ ಇರಬೇಕು. ಅಜ್ಜಿಗೆ ಹೋಟೆಲ್ ಊಟ ಎರಡನೇ ದಿನಕ್ಕೇ ಸಾಕಾಗುತ್ತೆ, ಮುದ್ದೆ ಬೇಕು. ಹಾಗಾಗಿ ಮಾವ ಕಂಡುಕೊಂಡ ದಾರಿ ಟ್ರಾವೆಲ್ ಟ್ರೈಲರ್. ಅಂದರೆ ಚಕ್ರದ ಮೇಲಿನ ಪುಟ್ಟ ಮನೆ. ಹಾಸಿಗೆ, ಒಲೆ, ಫ್ರಿಜ್, ಟಾಯ್ಲೆಟ್ ಎಲ್ಲ ಇರುತ್ತೆ, ಎಂಜಿನ್ ಮಾತ್ರ ಇರಲ್ಲ. ಎಳೆಯೋಕೆ ದೊಡ್ಡ ಎಸ್‌ಯುವಿ ಬೇಕು. ಹೊಸದಕ್ಕೆ ಬಜೆಟ್ ಇಲ್ಲ. ‘ಮೆಕ್ಯಾನಿಕಲ್ ಓದ್ತಿದ್ದೀಯಲ್ಲ, ಯಾವುದು ತಗೊಳ್ಳೋದು ಅಂತ ನೀನೇ ಲೆಕ್ಕ ಹಾಕಿ ಹೇಳು’ ಅಂದರು ಮಾವ.

ಗಾತ್ರ ಎಷ್ಟು ಅಂತ ನಮ್ಮ ಏರಿಯಾ ಲೆಕ್ಕದಲ್ಲಿ ಹೇಳ್ತೀನಿ. ಶೆವ್ರೊಲೆ ಸಬರ್ಬನ್ ಒಂದರದೇ ಉದ್ದ 5.7 ಮೀಟರ್. ಮಾವ ಮೊದಲು ನೋಡಿಟ್ಟಿದ್ದ ಟ್ರೈಲರ್ 8 ಮೀಟರ್. ಎರಡೂ ಸೇರಿದರೆ 13.7 ಮೀಟರ್, ಅಂದರೆ 45 ಅಡಿ. ತರ್ಟಿ-ಫಾರ್ಟಿ ಸೈಟಿನ ಉದ್ದವನ್ನೂ ಮೀರಿ ಬೀದಿಗೆ ಬರುತ್ತೆ. ಬೊಲೆರೊ ತಿರುಗಿಸೋಕೇ ಮೂರು ಸಲ ರಿವರ್ಸ್ ತಗೊಳ್ಳೋ ನಮ್ಮ ಕ್ರಾಸಿನಲ್ಲಿ ಕೂತು ನಾನು ಇದನ್ನು ಆರಿಸಬೇಕಿತ್ತು.

ಜಾಹೀರಾತುಗಳಲ್ಲಿ ದೊಡ್ಡದಾಗಿ ಕಾಣೋದು ಒಂದೇ ಸಂಖ್ಯೆ: ಎಳೆಯುವ ಸಾಮರ್ಥ್ಯ. 2015ರಿಂದ 2020ರವರೆಗಿನ ಸಬರ್ಬನ್‌ಗೆ ಗರಿಷ್ಠ 3,760 ಕೆಜಿ. 2018ರ ಫೋರ್ಡ್ ಎಕ್ಸ್‌ಪೆಡಿಶನ್‌ನ ಉದ್ದನೆಯ ಮಾಡೆಲ್ ‘ಮ್ಯಾಕ್ಸ್’, ಹೆವಿ ಡ್ಯೂಟಿ ಟೋ ಪ್ಯಾಕೇಜ್ ಇದ್ದರೆ, 4,080 ಕೆಜಿ. 2017ರ ನಂತರದ ನಿಸ್ಸಾನ್ ಅರ್ಮಾಡಾ 3,850. ಮಾವನ ಟ್ರೈಲರ್ ಸಾಮಾನು, ನೀರು ಎಲ್ಲ ತುಂಬಿದ ಮೇಲೆ 3,200 ಕೆಜಿ. ಎಲ್ಲ ಗಾಡಿಗಳೂ ಪಾಸ್! ‘ಅಷ್ಟೇ ತಾನೆ, ಕಲರ್ ನೋಡಿ ತಗೊಳ್ಳೋಣ’ ಅಂದರು ಮಾವ.

ಈ ಸಂಖ್ಯೆ ಎಲ್ಲಿಂದ ಬರುತ್ತೆ ಅಂತ ಹುಡುಕಿದಾಗ ಸಿಕ್ಕಿದ್ದು ಎಸ್‌ಎಇ ಜೆ2807 ಎನ್ನುವ ಮಾನದಂಡ. ನಮ್ಮ ಕಾಲೇಜುಗಳ ಬಾಹಾ ಟೀಮಿನವರಿಗೆ ಎಸ್‌ಎಇ ಹೆಸರು ಹೊಸದೇನಲ್ಲ. ಇದರಲ್ಲಿರುವ ಒಂದು ಪರೀಕ್ಷೆಗೆ ಮಾದರಿ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಏರುರಸ್ತೆ, ಸುಮಾರು 18 ಕಿ.ಮೀ ಉದ್ದದ್ದು. ಸುಡು ಬಿಸಿಲು, ಎ.ಸಿ. ಫುಲ್, ಹಿಂದೆ ಟ್ರೈಲರ್. ಆದರೂ ವೇಗ ಗಂಟೆಗೆ 40 ಮೈಲಿಗಿಂತ, ಅಂದರೆ 64 ಕಿ.ಮೀ.ಗಿಂತ, ಕೆಳಗೆ ಇಳಿಯಬಾರದು. ಟೊಯೋಟಾ ಇದನ್ನು 2011ರ ಮಾಡೆಲ್‌ಗಳಿಂದಲೇ ಪಾಲಿಸಿತು. ಅಮೆರಿಕದ ದೊಡ್ಡ ಕಂಪನಿಗಳು ಬಂದದ್ದು 2015ರ ಆಸುಪಾಸಿನಲ್ಲಿ. ಅದಕ್ಕಿಂತ ಹಳೇ ಗಾಡಿಗಳ ಸಂಖ್ಯೆಯನ್ನು ಕಂಪನಿಗಳು ತಮ್ಮ ತಮ್ಮ ಅಳತೆಯಲ್ಲಿ ಹೇಳಿಕೊಂಡದ್ದು. 2010ರ ಗಾಡಿಯನ್ನು 2016ರ ಗಾಡಿಗೆ ಹೋಲಿಸೋದು ಅಂದರೆ ಮೊಳವನ್ನು ಮೀಟರಿಗೆ ಹೋಲಿಸಿದ ಹಾಗೆ.

ಪರೀಕ್ಷೆ ಒಳ್ಳೇದೇ. ಆದರೆ ಪರೀಕ್ಷೆಯ ಗಾಡಿಯಲ್ಲಿ ಕೂತಿರೋದು ಇಬ್ಬರು, ಒಬ್ಬೊಬ್ಬರು 68 ಕೆಜಿ. ನಮ್ಮ ಗಾಡಿಯಲ್ಲಿ ಕೂರೋದು ಆರು ಜನ. ಗಾಡಿ ಓಡುವಾಗ ಟ್ರೈಲರ್ ಒಳಗೆ ಯಾರೂ ಕೂರುವ ಹಾಗಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಕಾನೂನೇ ಬಿಡಲ್ಲ, ಬಿಟ್ಟರೂ ಕೂರಬಾರದು. ಆರೂ ಜನ ಎಸ್‌ಯುವಿಯಲ್ಲೇ ಇರಬೇಕು.

ಇಲ್ಲಿಗೆ ಬರುತ್ತೆ ಹಳದಿ ಚೀಟಿ. ಅಮೆರಿಕದ ಕಾರುಗಳಲ್ಲಿ ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಹಳದಿ-ಬಿಳಿ ಚೀಟಿಯೊಂದು ಅಂಟಿಸಿರುತ್ತಾರೆ. ಟೈರಿನ ಗಾಳಿ ಎಷ್ಟಿರಬೇಕು ಅನ್ನೋದರ ಜೊತೆಗೆ, ಜನ ಮತ್ತು ಸಾಮಾನು ಸೇರಿ ಇಷ್ಟು ಕೆಜಿ ಮೀರಬಾರದು ಅಂತ ಬರೆದಿರುತ್ತೆ. ಟ್ರೈಲರ್ ಕೂಡ ಈ ಲೆಕ್ಕದೊಳಗೆ ಕಾಲಿಡುತ್ತೆ. ಯಾಕೆಂದರೆ ಅದು ಹಿಂದಕ್ಕೆ ಎಳೆಯೋದಷ್ಟೇ ಅಲ್ಲ, ಗಾಡಿಯ ಹಿಂಭಾಗವನ್ನು ಕೆಳಕ್ಕೂ ಒತ್ತುತ್ತೆ. ತನ್ನ ತೂಕದ 10ರಿಂದ 15 ಶೇಕಡಾ ಭಾರವನ್ನು ಹುಕ್ಕಿನ ಮೇಲೆ ಹಾಕಬೇಕು. ಕಡಿಮೆಯಾದರೆ ಟ್ರೈಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ, ವೇಗ ಹೆಚ್ಚಿದಷ್ಟೂ ಅಲ್ಲಾಟ ಹೆಚ್ಚಿ ಕೊನೆಗೆ ಎಳೆಯುವ ಗಾಡಿಯನ್ನೂ ಸೇರಿಸಿ ಮಗುಚಿ ಹಾಕಬಹುದು.

ಇದನ್ನು ನಾನು ತಾತನಿಗೆ ಪೇಪರಿನ ಮೇಲೆ ಫ್ರೀ ಬಾಡಿ ಡಯಾಗ್ರಾಂ ಬರೆದು ವಿವರಿಸ್ತಾ ಇದ್ದೆ. ತಾತ ಮಂಡ್ಯ ಕಡೆಯವರು, ಹುಡುಗರಾಗಿದ್ದಾಗ ಕಬ್ಬಿನ ಗಾಡಿ ಹೊಡೆದವರು. ಅರ್ಧಕ್ಕೇ ತಡೆದರು. ‘ಇದೇನೋ ಹೊಸದು? ಹಿಂಭಾರ ಆದ್ರೆ ಮೂಕಿ ಮೇಲಕ್ಕೆ ಏಳುತ್ತೆ, ಕೊರಳ ಹಗ್ಗ ಎತ್ತಿನ ಕತ್ತು ಹಿಸುಕುತ್ತೆ. ಮುಂಭಾರ ಜಾಸ್ತಿ ಆದ್ರೆ ಹೆಗಲು ಕಿತ್ತೋಗುತ್ತೆ. ಒಂಚೂರು ಮುಂಭಾರ ಇರಬೇಕು, ಅಷ್ಟೆ. ಗಾಡಿ ತುಂಬೋನಿಗೆ ಮೊದಲು ಕಲಿಸೋದೇ ಅದು.’ ಒಂದು ಸೆಮಿಸ್ಟರಿನ ಸ್ಟ್ಯಾಟಿಕ್ಸ್ ಎರಡು ವಾಕ್ಯದಲ್ಲಿ ಮುಗಿದುಹೋಯ್ತು. ಕಬ್ಬಿಣದ ಸರಳು ಹಿಂದಕ್ಕೆ ಚಾಚಿಕೊಂಡ ಗೂಡ್ಸ್ ಆಟೋದ ಮುಂದಿನ ಚಕ್ರ ಹಂಪ್ ಮೇಲೆ ಗಾಳಿಯಲ್ಲಿ ತೇಲೋದನ್ನು ನೀವೂ ನೋಡಿರ್ತೀರಿ. ಎಲ್ಲ ಒಂದೇ ಪಾಠ.

ಸರಿ, ಲೆಕ್ಕ ಹಾಕಿದೆ. ಮಾವ ನೋಡಿದ್ದ ಸಬರ್ಬನ್‌ನ ಚೀಟಿಯಲ್ಲಿ ಇದ್ದದ್ದು 720 ಕೆಜಿ. ಟ್ರೈಲರ್‌ನ 3,200 ಕೆಜಿಗೆ ಶೇಕಡಾ 13 ಅಂದರೆ 416. ಜನ: ಮಾವ 82, ಅತ್ತೆ 64, ಮಕ್ಕಳು 32 ಮತ್ತು 23, ತಾತ 68, ಅಜ್ಜಿ 59; ಒಟ್ಟು 328. ಗಾಡಿಯೊಳಗಿನ ಬ್ಯಾಗು, ಕೂಲರ್, ವಾಕರ್ ಸೇರಿ 68. ಭಾರ ಹಂಚುವ ಸ್ಪ್ರಿಂಗ್ ಸರಳುಗಳ ಹುಕ್ಕಿನದೇ ತೂಕ 42. ಎಲ್ಲ ಕೂಡಿದರೆ 854. ಚೀಟಿ ಮೀರಿ 134 ಕೆಜಿ ಹೆಚ್ಚು. ಎಳೆಯುವ ಸಾಮರ್ಥ್ಯದಲ್ಲಿ ಇನ್ನೂ ಐನೂರು ಕೆಜಿ ಬಾಕಿ ಇದೆ, ಹೊರುವ ಸಾಮರ್ಥ್ಯ ಮಾತ್ರ ಯಾವತ್ತೋ ಮುಗಿದಿದೆ. ಸ್ಪ್ರಿಂಗ್ ಸರಳು ಹಾಕಿದರೆ ಒಂದಿಷ್ಟು ಭಾರ ಮುಂದಿನ ಆಕ್ಸಲ್‌ಗೂ ಟ್ರೈಲರ್ ಆಕ್ಸಲ್‌ಗೂ ಹಂಚಿಹೋಗುತ್ತೆ ನಿಜ. ಆದರೆ ಅದನ್ನು ನಂಬಿ 134 ಕೆಜಿ ಮೀರೋಕೆ ನನಗೆ ಧೈರ್ಯ ಬರಲಿಲ್ಲ.

ಭಾನುವಾರ ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಮಾವ ಸುಮ್ಮನಾದರು. ತಾತ ಮಾತ್ರ ಬೆರಳಲ್ಲಿ ಏನೋ ಎಣಿಸಿ, ತುಂಬ ಸಹಜವಾಗಿ ಹೇಳಿದರು: ‘ನಾನು 68, ನಿಮ್ಮಜ್ಜಿ 59. ನೂರ ಇಪ್ಪತ್ತೇಳು. ನಾವಿಬ್ರೂ ಮನೇಲೇ ಇರ್ತೀವಿ ಬಿಡು, ನೀವು ಮಕ್ಕಳನ್ನ ಕರ್ಕೊಂಡು ಹೋಗಿ ಬನ್ನಿ. ಇನ್ನೊಂದು ಏಳು ಕೆಜಿ ಬ್ಯಾಗಲ್ಲಿ ತೆಗೆದ್ರಾಯ್ತು.’

ಲೆಕ್ಕ ಸರಿಯಾಗಿತ್ತು. ಅದೇ ಕಷ್ಟ ಆಗಿದ್ದು. ಯಾರಿಗೋಸ್ಕರ ಈ ಗಾಡಿ, ಈ ಟ್ರೈಲರ್ ಅಂತ ಶುರುವಾಯ್ತೋ ಅವರೇ ತಮ್ಮ ಸಾಲುಗಳನ್ನು ಹೊಡೆದುಹಾಕಿ ಉತ್ತರ ಹೊಂದಿಸಿಕೊಟ್ಟಿದ್ದರು. ಅವರಿಗೆ ಬೇಜಾರೂ ಇರಲಿಲ್ಲ. ಮನೆಯಲ್ಲಿ ಏನಾದರೂ ಕಮ್ಮಿ ಬಿದ್ದಾಗ ಮೊದಲು ತಮ್ಮ ತಟ್ಟೆಯಿಂದ ತೆಗೆಯೋದು ಅವರಿಬ್ಬರಿಗೂ ಅಭ್ಯಾಸ. ಮಾವ ‘ಸುಮ್ನಿರಪ್ಪ ನೀನು’ ಅಂತ ಗದರಿ ಫೋನ್ ಇಟ್ಟರು.

ಆವತ್ತು ರಾತ್ರಿ ಸ್ಪ್ರೆಡ್‌ಶೀಟ್ ತೆಗೆದು ಆರು ಜನರ ಆರು ಸಾಲುಗಳನ್ನು ಮೇಲಕ್ಕೆ ತಂದು ಲಾಕ್ ಮಾಡಿದೆ. ಬದಲಾಗೋದಿದ್ದರೆ ಮಿಕ್ಕಿದ್ದು ಬದಲಾಗಲಿ. 720ರಲ್ಲಿ ಜನ, ಬ್ಯಾಗು, ಹುಕ್ಕು ಕಳೆದರೆ ಉಳಿಯೋದು 282. ಅದನ್ನು 0.13ರಿಂದ ಭಾಗಿಸಿದರೆ ಟ್ರೈಲರ್ ಸುಮಾರು 2,170 ಕೆಜಿ ಇರಬಹುದು. ಅಂದರೆ ಸಮಸ್ಯೆ ಎಸ್‌ಯುವಿಯದ್ದಲ್ಲ, ಟ್ರೈಲರ್‌ನದ್ದು. ಎಲೆಕ್ಟ್ರಿಕ್ ಫೈರ್‌ಪ್ಲೇಸ್, ಎರಡು ಸೋಫಾ ಇದ್ದ ದೊಡ್ಡದು ಹೋಯ್ತು. ಟಾಯ್ಲೆಟ್, ಒಲೆ, ತಾತನಿಗೆ ಎಟಕುವ ಎತ್ತರದ ಮಂಚ ಇದ್ದ ಚಿಕ್ಕದು ಬಂತು. ತುಂಬಿದ ತೂಕ 2,100.

ಆಮೇಲೆ ಎಸ್‌ಯುವಿ ಆರಿಸೋದು ಸುಲಭವಾಯ್ತು. ಯಾರಿಗಾದರೂ ಉಪಯೋಗಕ್ಕೆ ಬರಬಹುದು ಅಂತ ನಾವು ನೋಡಿದ್ದನ್ನು ಹೇಳ್ತೀನಿ.

ಮೊದಲನೇದು, ಟೆಸ್ಟ್ ಡ್ರೈವ್‌ಗೆ ಮುಂಚೆ ಚೀಟಿಯ ಫೋಟೋ ಕೇಳೋದು. ಒಂದೇ ಮಾಡೆಲ್, ಒಂದೇ ವರ್ಷ ಆದರೂ ಚೀಟಿ ಬೇರೆ ಬೇರೆ. ಸನ್‌ರೂಫ್, 22 ಇಂಚಿನ ಚಕ್ರ, ಫೋರ್ ವೀಲ್ ಡ್ರೈವ್, ಗುಂಡಿ ಒತ್ತಿದರೆ ಮಡಚುವ ಸೀಟು, ಇವೆಲ್ಲ ಗಾಡಿಯ ಸ್ವಂತ ತೂಕ ಹೆಚ್ಚಿಸಿ ನಮಗೆ ಉಳಿಯುವ ತೂಕ ಕಮ್ಮಿ ಮಾಡುತ್ತವೆ. ಮಾವ ಮನಸೋತಿದ್ದ ಹೊಳೆಯುವ ಟಾಪ್ ಎಂಡ್ ಗಾಡಿಯೊಂದರ ಚೀಟಿಯಲ್ಲಿ ಇದ್ದದ್ದು 658 ಕೆಜಿ ಮಾತ್ರ.

ಎರಡನೇದು ವೀಲ್‌ಬೇಸ್. ಅದೇ ಕಂಪನಿಯ ಟಾಹೋ 2.95 ಮೀಟರ್, ಸಬರ್ಬನ್ 3.3 ಮೀಟರ್. ಎಂಜಿನ್ ಒಂದೇ, ಆದರೆ ಟೆಕ್ಸಸ್‌ನ ಅಮರಿಲೊ ಕಡೆಯ ಬಯಲಲ್ಲಿ ಅಡ್ಡಗಾಳಿ ಬೀಸಿದಾಗ ಉದ್ದನೆಯ ಗಾಡಿಯನ್ನು ಟ್ರೈಲರ್ ಅಷ್ಟು ಸುಲಭವಾಗಿ ತಿರುಗಿಸಲಾರದು.

ಮೂರನೇದು ಎತ್ತರ. ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಮೇಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರಿಗೆ ಸುಮಾರು ಶೇಕಡಾ 3 ಶಕ್ತಿ ಕಳೆದುಕೊಳ್ಳುತ್ತೆ. ಅಲ್ಲಿಗೆ ಹೋಗುವಷ್ಟರಲ್ಲಿ ಐದನೇ ಒಂದು ಭಾಗ ಖಾಲಿ. ಟರ್ಬೊ ಇದ್ದರೆ ಈ ನಷ್ಟ ಬಹಳ ಕಮ್ಮಿ.

ನಾಲ್ಕನೇದು, ಟೋ ಪ್ಯಾಕೇಜ್ ಫ್ಯಾಕ್ಟರಿಯದ್ದೇ ಇರಬೇಕು. ಹೊರಗಡೆ ಹುಕ್ ಹಾಕಿಸಿಕೊಂಡ ಮಾತ್ರಕ್ಕೆ ಒಳಗಿನ ಕೂಲಿಂಗ್ ಬದಲಾಗಲ್ಲ. ಹುಕ್ಕಿನ ಪಿನ್ ಹಾಕುವ ತೂತು ಉದ್ದಕ್ಕೆ ಸವೆದಿದ್ದರೆ ಗಾಡಿ ಚೆನ್ನಾಗಿ ದುಡಿದಿದೆ ಅಂತ ಅರ್ಥ. ಆಗ ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಾಯಿಸಿದ್ದಾರೆ ಅಂತ ರಸೀದಿ ಕೇಳಬೇಕು. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಥ್ರೆಡ್ ಚೆನ್ನಾಗಿದ್ದರೂ ರಬ್ಬರಿಗೆ ವಯಸ್ಸಾಗಿರುತ್ತೆ. 17 ಅಕ್ಷರ-ಅಂಕಿಗಳ ಗಾಡಿ ನಂಬರ್ ಕೊಟ್ಟರೆ ರೀಕಾಲ್ ಬಾಕಿ ಇದೆಯಾ ಅಂತ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಪುಕ್ಕಟೆ ಹೇಳುತ್ತೆ.

ಕೊನೆಗೆ ತಗೊಂಡದ್ದು 2018ರ ಎಕ್ಸ್‌ಪೆಡಿಶನ್ ಮ್ಯಾಕ್ಸ್, ನಡುವಿನ ಟ್ರಿಮ್, 3.5 ಲೀಟರ್ ಟ್ವಿನ್ ಟರ್ಬೊ. ಚೀಟಿಯಲ್ಲಿ 767 ಕೆಜಿ. ಟ್ರೈಲರ್‌ನ ಒತ್ತು 273, ಮಿಕ್ಕಿದ್ದೆಲ್ಲ 438, ಒಟ್ಟು 711. ಇನ್ನೂ 56 ಕೆಜಿ ಉಳೀತು ಅಂತ ಹೇಳಿದ್ದಕ್ಕೆ ಅಜ್ಜಿ, ‘ಹಾಗಾದ್ರೆ ರಾಗಿ ಹಿಟ್ಟು ಇಲ್ಲಿಂದಲೇ ತಗೊಂಡು ಹೋಗೋಣ’ ಅಂದರು. ವಿಮಾನದವರ ಚೀಟಿ ಬೇರೆ ಇರುತ್ತೆ ಅಂತ ಅವರಿಗೆ ಒಪ್ಪಿಸೋಕೆ ಇನ್ನೊಂದು ವಾರ ಬೇಕಾಯ್ತು. ಆರೂ ಜನ ಹೋಗಿ ಬಂದರು. ಗಂಟೆಗೆ ನೂರು ಕಿ.ಮೀ ದಾಟಲಿಲ್ಲ, ದಿನಕ್ಕೆ ನಾನೂರು ಕಿ.ಮೀ.ಗಿಂತ ಹೆಚ್ಚು ಓಡಿಸಲಿಲ್ಲ. ಕಣಿವೆ ಹೇಗಿತ್ತು ಅಂತ ಕೇಳಿದರೆ ತಾತ ಹೇಳೋದು, ‘ಗಾಡಿ ಒಂಚೂರೂ ಅಲ್ಲಾಡಲಿಲ್ಲ ಕಣೋ’ ಅಂತ.

ನಮ್ಮಲ್ಲಿ ಕಾರಿನ ಹಿಂದೆ ಟ್ರೈಲರ್ ಕಟ್ಟುವವರು ಅಪರೂಪ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರ್‌ಗೂ ಬೇರೆ ನೋಂದಣಿ ಬೇಕು. ಇದನ್ನು ಓದಿದ ಯಾರೂ ನಾಳೆಯೇ ಸಬರ್ಬನ್ ಹುಡುಕೋಕೆ ಹೋಗಲ್ಲ ಅಂತ ನನಗೂ ಗೊತ್ತು. ಆದರೆ ನಾವೆಲ್ಲ ಇನ್ನು ಕೆಲವೇ ವರ್ಷಗಳಲ್ಲಿ ಇಂಥ ಲೆಕ್ಕಗಳನ್ನೇ ಹಾಕುವವರು: ಲಿಫ್ಟ್‌ಗೆ, ಸೇತುವೆಗೆ, ಸರ್ವರ್‌ಗೆ, ಆಸ್ಪತ್ರೆಯ ಮಂಚಕ್ಕೆ. ಲೆಕ್ಕ ಹೊಂದದೇ ಇದ್ದಾಗ ಯಾವುದೋ ಒಂದು ಸಾಲನ್ನು ಹೊಡೆಯಬೇಕಾಗುತ್ತೆ, ಮತ್ತು ಸುಲಭವಾಗಿ ಹೊಡೆಯಲು ಸಿಗೋದು ತಕರಾರು ಮಾಡದವರ ಸಾಲು. ಅದಕ್ಕೇ ಯಾವ ಸಾಲು ಬಿಡಬಾರದೋ ಅದನ್ನು ಎಲ್ಲಕ್ಕಿಂತ ಮೊದಲು ಬರೆದು ಲಾಕ್ ಮಾಡಿಡಿ. ಜಾಹೀರಾತಿನ ದೊಡ್ಡ ಸಂಖ್ಯೆಯನ್ನು ಆಮೇಲೆ ನೋಡಿದರಾಯ್ತು.